ಹತ್ತಿ ಎಸ್ಟೇಟಿಗೆ ಕಾರಿನಲ್ಲಿ ಬಂದ ಕ್ಲಿನಿಕ್ಕು: ಮಿಸಿಸಿಪ್ಪಿ ಆರೋಗ್ಯ ಯೋಜನೆಯ ಪ್ರಕರಣ ಅಧ್ಯಯನ

1935ರ ಬೇಸಿಗೆಯಲ್ಲಿ ಅಮೆರಿಕದ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೊರಾರಿಟಿಗೆ (ಕಾಲೇಜು ಓದಿದ ಮಹಿಳೆಯರ ಸಂಘಕ್ಕೆ) ಸೇರಿದ ಕೆಲವು ಕಪ್ಪು ಮಹಿಳೆಯರು ಮಿಸಿಸಿಪ್ಪಿ ರಾಜ್ಯದ ಹೋಮ್ಸ್ ಕೌಂಟಿಗೆ ಹೊರಟರು. ಅವರಲ್ಲಿ ವೈದ್ಯರು, ದಾದಿಯರು, ಶಿಕ್ಷಕಿಯರು, ಸಮಾಜಕಾರ್ಯದಲ್ಲಿ ತರಬೇತಿ ಪಡೆದವರು ಇದ್ದರು. ಎಲ್ಲರೂ ತಮ್ಮ ರಜೆಯ ದಿನಗಳನ್ನು ಇದಕ್ಕೆ ಮೀಸಲಿಟ್ಟವರು. ಹತ್ತಿ ಎಸ್ಟೇಟುಗಳಲ್ಲಿ ಪಾಲಿಗೆ ಉಳುತ್ತಿದ್ದ ಕಪ್ಪು ಕುಟುಂಬಗಳ ಮಕ್ಕಳಿಗೆ ಸಿಡುಬು ಮತ್ತು ಗಂಟಲಮಾರಿಯ (ಡಿಫ್ತೀರಿಯಾ) ಲಸಿಕೆ ಹಾಕುವುದು, ಹಲ್ಲು ನೋಡುವುದು, ದೊಡ್ಡವರ ರೋಗಗಳನ್ನು ತಪಾಸಣೆ ಮಾಡುವುದು, ಊಟ ಮತ್ತು ಶುಚಿತ್ವದ ಬಗ್ಗೆ ತಿಳಿವಳಿಕೆ ಹೇಳುವುದು ಅವರ ಕಾರ್ಯಕ್ರಮವಾಗಿತ್ತು. ಮಿಸಿಸಿಪ್ಪಿ ಆರೋಗ್ಯ ಯೋಜನೆ ಎಂದು ಹೆಸರಾದ ಈ ಕೆಲಸ ಏಳು ಬೇಸಿಗೆಗಳ ಕಾಲ ನಡೆದು, ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೂ ಟೈರಿಗೂ ರೇಷನ್ ಬಂದಾಗ ನಿಂತುಹೋಯಿತು. ಅಷ್ಟರೊಳಗೆ ಸುಮಾರು 15,000 ಮಕ್ಕಳಿಗೆ ಲಸಿಕೆ ಸಿಕ್ಕಿತ್ತು.

ಈ ಯೋಜನೆಯನ್ನು ಸೇವೆಯ ಕಥೆಯಾಗಿ ಹೇಳುವುದು ಸುಲಭ, ಹಾಗೆಯೇ ಹೆಚ್ಚಾಗಿ ಹೇಳಲಾಗಿದೆ. ಪ್ರಸ್ತುತ ಅಧ್ಯಯನ ಅದನ್ನು ಸ್ವಲ್ಪ ಬೇರೆ ಕಡೆಯಿಂದ ನೋಡುತ್ತದೆ. ಲಸಿಕೆಯ ಲೆಕ್ಕಕ್ಕಿಂತ ಇಲ್ಲಿ ಗಮನಿಸಬೇಕಾದದ್ದು ಆ ಮಹಿಳೆಯರು ತೆಗೆದುಕೊಂಡ ತೀರ್ಮಾನಗಳನ್ನು. ಹಾಕಿಕೊಂಡ ಯೋಜನೆ ನೆಲಕ್ಕೆ ತಾಗಿ ಮುರಿದಾಗ ಅದನ್ನು ಹೇಗೆ ಬದಲಿಸಿದರು, ಎಸ್ಟೇಟಿನೊಳಗೆ ಕಾಲಿಡಲು ಯಾವ ಮಾತನ್ನು ನುಂಗಿಕೊಂಡರು, ನುಂಗಿದ ಆ ಮಾತನ್ನು ಮುಂದೆ ಎಲ್ಲಿ ಆಡಿದರು ಎಂಬುದರಲ್ಲಿ ಅವರ ನಾಯಕತ್ವದ ನಿಜವಾದ ಪರಿಚಯ ಇದೆ ಎಂಬುದು ನನ್ನ ಅಭಿಪ್ರಾಯ.

ಸಂಘದ ಸ್ವರೂಪ

ಸೊರಾರಿಟಿ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಅಮೆರಿಕದ ಕಾಲೇಜು ಹುಡುಗಿಯರ ಹಾಸ್ಟೆಲ್ಲು, ಪಾರ್ಟಿ, ಗ್ರೀಕ್ ಅಕ್ಷರಗಳ ಬ್ಯಾಡ್ಜು. ಕಪ್ಪು ಮಹಿಳೆಯರ ಸೊರಾರಿಟಿಗಳಲ್ಲಿ ಇವೆಲ್ಲ ಇದ್ದರೂ ಅವುಗಳ ಬಾಳಿಕೆಗೆ ಕಾರಣ ಬೇರೆ. ಆಲ್ಫಾ ಕಪ್ಪಾ ಆಲ್ಫಾ 1908ರ ಜನವರಿ 15ರಂದು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 1913ರಲ್ಲಿ ಕಾನೂನುಬದ್ಧವಾಗಿ ನೋಂದಣಿಯಾಯಿತು. ಕಾಲೇಜು ಓದಿದ ಕಪ್ಪು ಮಹಿಳೆಯರು ಕಟ್ಟಿಕೊಂಡ ಇಂಥ ಸಂಘಗಳಲ್ಲಿ ಇದೇ ಮೊದಲನೆಯದು. ಪದವಿ ಮುಗಿದ ಮೇಲೂ ಸದಸ್ಯತ್ವ ಮುಗಿಯುವುದಿಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿದವರು ತಾವಿರುವ ಊರಿನ ಪದವೀಧರ ಶಾಖೆಗೆ ಸೇರಿ, ವರ್ಷವರ್ಷವೂ ಚಂದಾ ಕೊಟ್ಟು, ರಾಷ್ಟ್ರೀಯ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಕಳುಹಿಸುತ್ತಾರೆ. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಹೋವರ್ಡಿನಲ್ಲಿ ಓದುವಾಗ ಸೇರಿದ್ದು ಇದೇ ಸಂಘಕ್ಕೆ. 2020ರ ಚುನಾವಣೆಯಲ್ಲಿ ಅವರ ಸಭೆಗಳಲ್ಲಿ ಸಂಘದ ಬಣ್ಣಗಳಾದ ಗುಲಾಬಿ ಮತ್ತು ಹಸಿರು ಬಟ್ಟೆ ಉಟ್ಟ ಮಹಿಳೆಯರ ಸಾಲು ಕಂಡದ್ದು ಈ ಕಾರಣಕ್ಕೆ.

1930ರ ದಶಕದಲ್ಲಿ ಡಿಗ್ರಿ ಪಡೆದ ಕಪ್ಪು ಮಹಿಳೆಗೆ ತೆರೆದಿದ್ದ ಉದ್ಯೋಗಗಳು ತೀರ ಕಡಿಮೆ. ಬಹುಪಾಲು ಮಂದಿ ಶಿಕ್ಷಕಿಯರಾಗುತ್ತಿದ್ದರು, ಕೆಲವರು ದಾದಿಯರು, ಬೆರಳೆಣಿಕೆಯಷ್ಟು ಮಂದಿ ವೈದ್ಯರು ಅಥವಾ ವಕೀಲರು. ಒಬ್ಬೊಬ್ಬರೂ ತಮ್ಮ ಊರಿನಲ್ಲಿ, ತಮ್ಮ ಕಚೇರಿಯಲ್ಲಿ ಒಂಟಿ. ಬಿಳಿಯ ಮಹಿಳೆಯರ ವೃತ್ತಿಸಂಘಗಳ ಬಾಗಿಲು ಅವರಿಗೆ ಮುಚ್ಚಿತ್ತು, ಕಪ್ಪು ಪುರುಷರ ಸಂಘಗಳಲ್ಲಿ ಹೆಂಗಸರಿಗೆ ಮುಂದಿನ ಸಾಲು ಸಿಗುತ್ತಿರಲಿಲ್ಲ. ಇಂಥವರಿಗೆ ಅಧ್ಯಕ್ಷತೆ ವಹಿಸುವುದು, ಬಜೆಟ್ ಮಂಡಿಸುವುದು, ಠರಾವಿನ ಪರವಾಗಿಯೋ ವಿರೋಧವಾಗಿಯೋ ವಾದಿಸುವುದು, ಲೆಕ್ಕ ಒಪ್ಪಿಸುವುದು ಇವೆಲ್ಲಕ್ಕೂ ಸಿಕ್ಕ ಜಾಗ ಸೊರಾರಿಟಿ. ಜೊತೆಗೆ ಆ ಕಾಲದ ಆಕ್ಷೇಪವೂ ಸುಳ್ಳಲ್ಲ: ಓದಿದವರು, ಉಳ್ಳವರು, ನಾಜೂಕಿನವರು ತಮ್ಮೊಳಗೇ ಸೇರಿಕೊಂಡು ನೃತ್ಯಕೂಟ ನಡೆಸುವ ಸಂಘವಿದು ಎಂದು ಹೊರಗಿನವರು ಆಡಿಕೊಳ್ಳುತ್ತಿದ್ದರು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಈ ಮಾತು ಇನ್ನಷ್ಟು ಚುಚ್ಚುವಂತಾಯಿತು. ಹಳ್ಳಿಯ ಕಪ್ಪು ಜನರ ಹೊಟ್ಟೆಗಿಲ್ಲದ ಹೊತ್ತಿನಲ್ಲಿ ಪದವೀಧರೆಯರ ಸಂಘ ಏನು ಮಾಡುತ್ತಿದೆ ಎಂಬ ಪ್ರಶ್ನೆ ಸಂಘದ ಒಳಗಿನಿಂದಲೇ ಎದ್ದಿತು.

ಶಾಲೆಯಿಂದ ಆಸ್ಪತ್ರೆಯ ಕಡೆಗೆ

ಪ್ರಶ್ನೆಗೆ ಮೊದಲ ಉತ್ತರ ಕೊಟ್ಟವರು ಐಡಾ ಲೂಯಿಸ್ ಜಾಕ್ಸನ್. ಅವರು 1902ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗಿನಲ್ಲಿ ಹುಟ್ಟಿದವರು. ಕುಟುಂಬದೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಬರ್ಕ್ಲಿಯಲ್ಲಿ ಬಿ.ಎ., ಎಂ.ಎ. ಮುಗಿಸಿ, 1926ರಲ್ಲಿ ಓಕ್ಲಂಡ್ ನಗರದ ಶಾಲೆಗಳಲ್ಲಿ ಕೆಲಸ ಸಿಕ್ಕ ಮೊದಲ ಕಪ್ಪು ಶಿಕ್ಷಕಿಯಾದರು. 1933ರಲ್ಲಿ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆಯಾದ ಮೇಲೆ ಅವರ ಕಣ್ಣು ಹೋದದ್ದು ತಾವು ಬಿಟ್ಟುಬಂದ ರಾಜ್ಯದ ಕಡೆಗೆ. ಅಲ್ಲಿನ ಹಳ್ಳಿಗಳಲ್ಲಿ ಕಪ್ಪು ಮಕ್ಕಳ ಶಾಲೆ ಹತ್ತಿಯ ಬೇಸಾಯ ಬಿಡುವು ಕೊಟ್ಟ ತಿಂಗಳುಗಳಲ್ಲಿ ಮಾತ್ರ ನಡೆಯುತ್ತಿತ್ತು, ಕಲಿಸುವವರಲ್ಲಿ ಎಷ್ಟೋ ಮಂದಿ ಹೈಸ್ಕೂಲನ್ನೂ ಮುಗಿಸಿದವರಲ್ಲ. 1934ರ ಬೇಸಿಗೆಯಲ್ಲಿ ಹೋಮ್ಸ್ ಕೌಂಟಿಯ ಲೆಕ್ಸಿಂಗ್ಟನ್ನಿನಲ್ಲಿದ್ದ ಸೇಂಟ್ಸ್ ಇಂಡಸ್ಟ್ರಿಯಲ್ ಶಾಲೆಯ ಆವರಣದಲ್ಲಿ ಜಾಕ್ಸನ್ ಗ್ರಾಮೀಣ ಶಿಕ್ಷಕರಿಗೊಂದು ಬೇಸಿಗೆ ಶಾಲೆ ತೆರೆದರು. ಆ ಶಾಲೆಯನ್ನು ನಡೆಸುತ್ತಿದ್ದವರು ಅರೀನಿಯಾ ಮ್ಯಾಲರಿ, ಕೈಯಲ್ಲಿ ದುಡ್ಡಿಲ್ಲದೆ ಒಂದು ಸಂಸ್ಥೆಯನ್ನು ನಿಲ್ಲಿಸಿದ ಗಟ್ಟಿಗಿತ್ತಿ. ಹೊರಗಿನಿಂದ ಬಂದವರಿಗೆ ಊರಿನೊಳಗೆ ಕಾಲೂರಲು ಇಂಥ ಸ್ಥಳೀಯರೊಬ್ಬರು ಬೇಕೇಬೇಕಾಗಿತ್ತು. ಯೋಜನೆಯ ಪ್ರಶಂಸೆಯಲ್ಲಿ ಮ್ಯಾಲರಿಯವರಿಗೆ ಸಿಗಬೇಕಾದ ಪಾಲು ಸಿಕ್ಕಿಲ್ಲ ಎಂದೇ ನನಗನಿಸುತ್ತದೆ.

ಬೇಸಿಗೆ ಶಾಲೆ ಚೆನ್ನಾಗಿಯೇ ನಡೆಯಿತು. ಶಿಕ್ಷಕರು ಬಂದರು, ಮಕ್ಕಳು ಬಂದರು, ದೊಡ್ಡವರಿಗೆ ರಾತ್ರಿ ತರಗತಿಗಳಾದವು, ಪುಸ್ತಕ ಸಂಗ್ರಹವಾಯಿತು. ತೊಡಕು ಕಂಡದ್ದು ತರಗತಿಯಲ್ಲಿ ಕುಳಿತವರ ಮೈಯಲ್ಲಿ. ಮಲೇರಿಯಾ, ಕೊಕ್ಕೆಹುಳು, ಕೊಳೆತ ಹಲ್ಲು, ಹೊಟ್ಟೆಗೆ ಸಾಲದ ಊಟ ಇವುಗಳ ನಡುವೆ ಇರುವ ಮಗುವಿಗೆ, ಅಂಥದ್ದೇ ಸ್ಥಿತಿಯಲ್ಲಿರುವ ಶಿಕ್ಷಕರಿಗೆ, ಪಾಠದ ಹೊಸ ವಿಧಾನ ಹೇಳಿಕೊಟ್ಟು ಏನು ಫಲ? ಮೊದಲು ಆರೋಗ್ಯ, ಆಮೇಲೆ ವಿದ್ಯೆ ಎಂಬ ತೀರ್ಮಾನಕ್ಕೆ ಜಾಕ್ಸನ್ ಬಂದರು. ಸ್ವತಃ ಶಿಕ್ಷಕಿಯಾದವರು, ತಮ್ಮ ವೃತ್ತಿಯ ಅನುಭವದ ಮೇಲೆಯೇ ಕಟ್ಟಿದ ಕಾರ್ಯಕ್ರಮವನ್ನು ಎರಡನೆಯ ಸ್ಥಾನಕ್ಕೆ ತಳ್ಳಿ, ತಮಗೆ ತಿಳಿಯದ ಕ್ಷೇತ್ರದ ಕೈಗೆ ಮುಂದಾಳತ್ವ ಬಿಟ್ಟುಕೊಟ್ಟದ್ದು ಈ ಪ್ರಕರಣದ ಮೊದಲ ಮುಖ್ಯ ತಿರುವು. ಸಂಘಸಂಸ್ಥೆಗಳಲ್ಲಿ ಇದು ಅಪರೂಪ. ಸಾಮಾನ್ಯವಾಗಿ ಸ್ಥಾಪಕರು ತಮ್ಮ ಯೋಜನೆಗೇ ಇನ್ನಷ್ಟು ಹಣ ಕೇಳುತ್ತಾರೆ.

ಫೆರೆಬಿ ಮತ್ತು ಅವರ ತಂಡ

ಜಾಕ್ಸನ್ ಮುಂದಾಳತ್ವ ಬಿಟ್ಟುಕೊಟ್ಟದ್ದು ಡಾ. ಡೊರೊಥಿ ಬೋಲ್ಡಿಂಗ್ ಫೆರೆಬಿಯವರ ಕೈಗೆ. 1898ರಲ್ಲಿ ವರ್ಜೀನಿಯಾದ ನಾರ್ಫೋಕಿನಲ್ಲಿ ಹುಟ್ಟಿ, ಬಾಸ್ಟನ್ನಿನಲ್ಲಿ ಬೆಳೆದು, 1924ರಲ್ಲಿ ಟಫ್ಟ್ಸ್ ವೈದ್ಯಕೀಯ ಕಾಲೇಜಿನಿಂದ ಉನ್ನತ ಶ್ರೇಣಿಯಲ್ಲಿ ಹೊರಬಂದ ಅವರಿಗೆ ಬಿಳಿಯರ ಆಸ್ಪತ್ರೆಗಳು ಇಂಟರ್ನ್‌ಶಿಪ್ ಕೊಡಲಿಲ್ಲ. ವಾಷಿಂಗ್ಟನ್ನಿನಲ್ಲಿದ್ದ ಕಪ್ಪು ಜನರ ಫ್ರೀಡ್‌ಮೆನ್ಸ್ ಆಸ್ಪತ್ರೆಯಲ್ಲಿ ಅವಕಾಶ ಸಿಕ್ಕಿತು, ಮುಂದೆ ಹೋವರ್ಡಿನ ವೈದ್ಯಕೀಯ ವಿಭಾಗದಲ್ಲಿ ಅಧ್ಯಾಪಕಿಯಾದರು. 1929ರಲ್ಲಿ ಅದೇ ನಗರದ ಬಡ ಬಡಾವಣೆಯೊಂದರಲ್ಲಿ ಸೌತ್ಈಸ್ಟ್ ಸೆಟ್ಲ್‌ಮೆಂಟ್ ಹೌಸ್ ಎಂಬ ಕೇಂದ್ರವನ್ನು ತೆರೆದು, ಕೆಲಸಕ್ಕೆ ಹೋಗುವ ಕಪ್ಪು ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಿದ್ದರು. ಅಂದರೆ ಮಿಸಿಸಿಪ್ಪಿಗೆ ಹೊರಡುವ ಮೊದಲೇ ಅವರಿಗೆ ಎರಡು ಸಂಗತಿ ರೂಢಿಯಾಗಿದ್ದವು: ದಾನಿಗಳಿಂದ ಹಣ ಎತ್ತುವುದು, ಅಧಿಕಾರಿಗಳೊಡನೆ ಜಗಳವಾಡದೆ ಕೆಲಸ ತೆಗೆಯುವುದು.

ಸಿದ್ಧತೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ರಾಜ್ಯದ ಆರೋಗ್ಯ ಇಲಾಖೆಯ ಒಪ್ಪಿಗೆ ಪಡೆಯುವುದು, ಲೆಕ್ಸಿಂಗ್ಟನ್ನನ್ನು ನೆಲೆಯಾಗಿಟ್ಟುಕೊಂಡು ಕೌಂಟಿಯ ಕೆಲವೆಡೆ ನಿಗದಿತ ಸ್ಥಳದಲ್ಲಿ ಕ್ಲಿನಿಕ್ ತೆರೆಯುವುದು, ಸುತ್ತಲಿನ ಎಸ್ಟೇಟುಗಳ ಜನ ಅಲ್ಲಿಗೆ ಬರುವಂತೆ ಪ್ರಚಾರ ಮಾಡುವುದು, ತಂಡ ರೈಲಿನಲ್ಲಿ ಹೋಗುವುದು. ಇದರಲ್ಲಿ ಮೊದಲು ಬಿದ್ದುಹೋದದ್ದು ರೈಲು. ಕಪ್ಪು ಮಹಿಳೆಯರ ತಂಡಕ್ಕೆ ಟಿಕೆಟ್ ಕೊಡಲು ರೈಲ್ವೆಯವರು ಒಪ್ಪಲಿಲ್ಲ. ತಂಡದವರು ತಮ್ಮ ಕಾರುಗಳಲ್ಲೇ ಔಷಧಿ, ಉಪಕರಣ, ಹಾಸಿಗೆ ಬಟ್ಟೆ ತುಂಬಿಕೊಂಡು ಹೊರಟರು. ವಾಷಿಂಗ್ಟನ್ನಿನಿಂದ ಲೆಕ್ಸಿಂಗ್ಟನ್ನಿಗೆ 1,500 ಕಿಲೋಮೀಟರಿಗೂ ಹೆಚ್ಚು ದಾರಿ. ದಕ್ಷಿಣದ ರಾಜ್ಯಗಳನ್ನು ಹೊಕ್ಕ ಮೇಲೆ ಕಪ್ಪು ಪ್ರಯಾಣಿಕರನ್ನು ಇಳಿಸಿಕೊಳ್ಳುವ ಹೋಟೆಲ್ಲಾಗಲಿ, ಊಟ ಬಡಿಸುವ ಅಂಗಡಿಯಾಗಲಿ ದಾರಿಯಲ್ಲಿ ಸಿಗುವ ಭರವಸೆಯಿರಲಿಲ್ಲ. ಯಾವ ಊರಿನಲ್ಲಿ ಯಾರ ಮನೆಯಲ್ಲಿ ಇಳಿದುಕೊಳ್ಳಬಹುದು ಎಂಬುದನ್ನು ಬಾಯಿಮಾತಿನಲ್ಲಿ ತಿಳಿದುಕೊಂಡೇ ಹೊರಡಬೇಕಾದ ಕಾಲವದು.

ಆ ರೈಲುಗಳ ಸ್ಥಿತಿ ನಮ್ಮ ಕಡೆಯವರೊಬ್ಬರಿಗೂ ನೇರವಾಗಿ ತಿಳಿದಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅಮೆರಿಕದ ದಕ್ಷಿಣದಲ್ಲಿ ರೈಲು ಪ್ರಯಾಣ ಮಾಡುವಾಗ, ಬಿಳಿಯರ ಬೋಗಿಯಿಂದ ಏಳುವಂತೆ ರೈಲು ಸಿಬ್ಬಂದಿ ಹೇಳಿದರು. ಅವರು ವಿದೇಶಿ ಎಂದು ಗೊತ್ತಾದ ಮೇಲೆ ಮಾತು ಮೃದುವಾಯಿತು. ಆದರೆ ಕಮಲಾದೇವಿ ಆ ವಿನಾಯಿತಿಯನ್ನು ಹಿಡಿದುಕೊಳ್ಳಲಿಲ್ಲ. ತಾವೂ ಬಣ್ಣದ ಹೆಂಗಸೇ ಎಂದು ಹೇಳಿ, ಕುಳಿತಲ್ಲಿಂದ ಏಳಲು ನಿರಾಕರಿಸಿದರು. ಫೆರೆಬಿಯವರ ತಂಡಕ್ಕೆ ಇಂಥ ಪ್ರತಿಭಟನೆಯ ದಾರಿ ಇರಲಿಲ್ಲ. ಔಷಧಿ ತಲುಪಬೇಕಾದ ದಿನಕ್ಕೆ ತಲುಪಬೇಕಿತ್ತು, ಅಲ್ಲಿ ವಾರಗಟ್ಟಲೆ ಇರಬೇಕಿತ್ತು, ಮರುವರ್ಷವೂ ಹೋಗಬೇಕಿತ್ತು.

ಎಸ್ಟೇಟಿನ ಗಡಿಯಲ್ಲಿ

ಎರಡನೆಯದಾಗಿ ಬಿದ್ದುಹೋದದ್ದು ಕ್ಲಿನಿಕ್ಕಿನ ಯೋಜನೆಯೇ. ಕ್ಲಿನಿಕ್ ತೆರೆದಿದ್ದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಎಸ್ಟೇಟಿನ ಮಾಲೀಕರು ತಮ್ಮ ಒಕ್ಕಲುಗಳನ್ನು ಹೊರಗೆ ಬಿಡಲು ಒಪ್ಪಿರಲಿಲ್ಲ.

ಇದನ್ನು ಮಾಲೀಕರ ಕ್ರೌರ್ಯ ಎಂದಷ್ಟೇ ಹೇಳಿದರೆ ಪ್ರಕರಣ ಅರ್ಥವಾಗುವುದಿಲ್ಲ, ಅದರ ಹಿಂದಿನ ಲೆಕ್ಕಾಚಾರ ನೋಡಬೇಕು. ಪಾಲಿಗೆ ಉಳುವವನಿಗೆ ಭೂಮಿ, ಹೇಸರಗತ್ತೆ, ಬೀಜ, ಗುಡಿಸಲು ಎಲ್ಲವೂ ಮಾಲೀಕನವು. ಬಿತ್ತನೆಯಿಂದ ಕೊಯ್ಲಿನವರೆಗೆ ಊಟದ ಸಾಮಾನು ಎಸ್ಟೇಟಿನ ಅಂಗಡಿಯಿಂದ ಸಾಲಕ್ಕೆ ಬರುತ್ತಿತ್ತು. ವರ್ಷದ ಕೊನೆಯಲ್ಲಿ ಹತ್ತಿ ಮಾರಿ ಲೆಕ್ಕ ಚುಕ್ತಾ ಮಾಡುವಾಗ ಪುಸ್ತಕ ಮಾಲೀಕನ ಕೈಯಲ್ಲಿ. ಉಳಿಕೆ ಎಷ್ಟು, ಬಾಕಿ ಎಷ್ಟು ಎಂಬುದನ್ನು ಪ್ರಶ್ನಿಸುವ ಒಕ್ಕಲು ಮರುವರ್ಷ ಆ ನೆಲದಲ್ಲಿ ಉಳಿಯುವ ಮಾತೇ ಇರಲಿಲ್ಲ. ಇದರ ಮೇಲೆ 1933ರ ಕೃಷಿ ಹೊಂದಾಣಿಕೆ ಕಾಯ್ದೆ ಬಂತು. ಹತ್ತಿಯ ಬೆಲೆ ಏರಿಸಲೆಂದು ಬಿತ್ತನೆ ಕಡಿಮೆ ಮಾಡಿದವರಿಗೆ ಸರ್ಕಾರ ಕೊಟ್ಟ ಹಣ ಬಹುಮಟ್ಟಿಗೆ ಮಾಲೀಕರ ಜೇಬು ಸೇರಿತು, ನೆಲ ಕಡಿಮೆಯಾದ ಕಡೆ ಒಕ್ಕಲುಗಳನ್ನು ಎಬ್ಬಿಸಲಾಯಿತು. 1934ರ ಜುಲೈಯಲ್ಲಿ ಮಿಸಿಸಿಪ್ಪಿ ನದಿಯಾಚೆ ಅರ್ಕಾನ್ಸಾ ರಾಜ್ಯದ ಟೈರೋನ್ಜಾ ಎಂಬಲ್ಲಿ ಕಪ್ಪು ಮತ್ತು ಬಿಳಿಯ ಒಕ್ಕಲುಗಳು ಒಟ್ಟಾಗಿ ದಕ್ಷಿಣದ ಗೇಣಿದಾರರ ಸಂಘ ಕಟ್ಟಿದರು. ಅದಾದ ಮರುವರ್ಷವೇ ಉತ್ತರದ ನೋಂದಣಿ ಫಲಕ ಹೊತ್ತ ಕಾರುಗಳಲ್ಲಿ ಓದಿದ ಕಪ್ಪು ಹೆಂಗಸರು ಬಂದು, ನಿಮ್ಮ ಒಕ್ಕಲುಗಳನ್ನೆಲ್ಲ ಒಂದೆಡೆ ಸೇರಿಸಬೇಕು ಎಂದರೆ ಮಾಲೀಕನಿಗೆ ಲಸಿಕೆ ಕಾಣುತ್ತದೆಯೇ? ಕಾಣುವುದು ಸಂಘಟನೆ.

ಫೆರೆಬಿ ಆಗ ಮಾಡಿದ ತೀರ್ಮಾನ ಯೋಜನೆಯ ಸ್ವರೂಪವನ್ನೇ ಬದಲಿಸಿತು. ಜನ ಕ್ಲಿನಿಕ್ಕಿಗೆ ಬರುವಂತಿಲ್ಲವಾದರೆ ಕ್ಲಿನಿಕ್ಕೇ ಜನರಿರುವಲ್ಲಿಗೆ ಹೋಗಬೇಕು. ಪ್ರಯಾಣಕ್ಕೆಂದು ತಂದ ಕಾರುಗಳೇ ಚಿಕಿತ್ಸಾ ವಾಹನಗಳಾದವು. ತಂಡ ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಹೋಗಿ, ಹಳ್ಳಿಯ ಚರ್ಚು, ಒಂದೇ ಕೋಣೆಯ ಶಾಲೆ, ಇವೆರಡೂ ಇಲ್ಲದಲ್ಲಿ ಮರದ ನೆರಳು, ಹೀಗೆ ಸಿಕ್ಕಲ್ಲಿ ಮೇಜು ಹಾಕಿತು. ರೈಲ್ವೆಯವರು ಟಿಕೆಟ್ ಕೊಟ್ಟಿದ್ದರೆ ತಂಡದ ಬಳಿ ಕಾರುಗಳೇ ಇರುತ್ತಿರಲಿಲ್ಲ, ಎಸ್ಟೇಟಿನೊಳಗೆ ಹೋಗುವ ಈ ಉಪಾಯವೂ ಹೊಳೆಯುತ್ತಿತ್ತೋ ಇಲ್ಲವೋ.

ಕೆಲಸದ ಬಗೆ ಹೀಗಿತ್ತು. ತಾಯಂದಿರು ಮಕ್ಕಳ ಕೈ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಬಂದವರ ಹೆಸರು, ವಯಸ್ಸು ಬರೆದುಕೊಳ್ಳುವುದು ಶಿಕ್ಷಕಿಯ ಪಾಲು. ವೈದ್ಯೆ ಗಂಟಲು, ಎದೆ, ಕಣ್ಣಿನ ರೆಪ್ಪೆ ನೋಡುತ್ತಾರೆ. ದಾದಿ ತೋಳು ಒರೆಸಿ ಸೂಜಿ ಚುಚ್ಚುತ್ತಾಳೆ. ಪಕ್ಕದಲ್ಲಿ ಇನ್ನೊಬ್ಬರು ಹಲ್ಲುಜ್ಜುವುದು ಹೇಗೆಂದು ಬ್ರಷ್ ಹಿಡಿದು ತೋರಿಸುತ್ತಾರೆ. ಹಲ್ಲಿನ ಬ್ರಷ್ಷನ್ನು ಆ ದಿನವೇ ಮೊದಲ ಸಲ ಕಂಡ ಮಕ್ಕಳಿದ್ದರು. ಇಷ್ಟರ ನಡುವೆ ಎಸ್ಟೇಟಿನ ಮೇಲ್ವಿಚಾರಕರು ಕುದುರೆಯ ಮೇಲೆ ಕುಳಿತು ಸಾಲಿನ ಸುತ್ತ ಅಡ್ಡಾಡುತ್ತಿದ್ದರು, ಸೊಂಟದಲ್ಲಿ ಬಂದೂಕು, ಬೂಟಿನಲ್ಲಿ ಚಾಟಿ. ವೈದ್ಯೆ ಏನು ಕೇಳುತ್ತಾರೆ, ಒಕ್ಕಲಿನವಳು ಏನು ಉತ್ತರಿಸುತ್ತಾಳೆ ಎಂಬುದನ್ನು ಕಿವಿಗೊಟ್ಟು ಕೇಳುವುದೇ ಅವರ ಕೆಲಸವಾಗಿತ್ತು ಎಂದು ಫೆರೆಬಿ ಮುಂದೆ ನೆನಪಿಸಿಕೊಂಡಿದ್ದಾರೆ.

ನಿನ್ನೆ ಏನು ಊಟ ಮಾಡಿದಿರಿ ಎಂಬ ಪ್ರಶ್ನೆ ವೈದ್ಯರ ಬಾಯಲ್ಲಿ ಸಾಮಾನ್ಯವಾದದ್ದು. ಆದರೆ ಚಾಟಿ ಇಟ್ಟುಕೊಂಡವನ ಎದುರು ಅದಕ್ಕೆ ನಿಜ ಉತ್ತರ ಕೊಟ್ಟರೆ ಅದು ಎಸ್ಟೇಟಿನ ಅಂಗಡಿಯ ಮೇಲೆ ದೂರು ಹೇಳಿದಂತೆ. ಮನೆಯ ಸುತ್ತ ಕಾಯಿಪಲ್ಲೆ ಬೆಳೆದುಕೊಳ್ಳಿ ಎಂಬ ಸಲಹೆಯೂ ಅಷ್ಟೇ, ಹತ್ತಿಯ ಸಾಲು ಗುಡಿಸಲಿನ ಬಾಗಿಲಿಗೇ ತಾಗಿರುವಲ್ಲಿ ಅದು ಮಾಲೀಕನ ಬೇಸಾಯವನ್ನೇ ಪ್ರಶ್ನಿಸಿದಂತಾಗುತ್ತದೆ. ತಂಡದವರು ಇದನ್ನು ಬೇಗ ಅರ್ಥಮಾಡಿಕೊಂಡರು. ಕೂಲಿ, ಬಾಕಿ, ಮತದಾನ, ಯಾವುದರ ಮಾತನ್ನೂ ಎತ್ತದೆ ತಪಾಸಣೆಗೂ ಶುಚಿತ್ವದ ಪಾಠಕ್ಕೂ ತಮ್ಮನ್ನು ಸೀಮಿತಗೊಳಿಸಿಕೊಂಡರು. ಅವರ ಸಭ್ಯ ವೇಷಭೂಷಣ, ತಗ್ಗಿದ ದನಿ, ಅಧಿಕಾರಿಗಳೊಡನೆ ವಿನಯ ಇವೆಲ್ಲ ಅಭ್ಯಾಸಬಲವೂ ಹೌದು, ಲೆಕ್ಕ ಹಾಕಿ ತೆತ್ತ ಸುಂಕವೂ ಹೌದು.

ರೋಗವೋ, ಊಟವೋ

ಮುಂದಿನ ವರ್ಷಗಳಲ್ಲಿ ಕೆಲಸ ಹೋಮ್ಸ್ ಕೌಂಟಿಯಿಂದ ಬೊಲಿವರ್ ಕೌಂಟಿಗೆ ವಿಸ್ತರಿಸಿತು. ಇದು ಹತ್ತಿಯ ಡೆಲ್ಟಾ ಪ್ರದೇಶದ ನಡುಭಾಗ. ದಾಸ್ಯದಿಂದ ಬಿಡುಗಡೆಯಾದ ಕಪ್ಪು ಜನರು 1887ರಲ್ಲಿ ತಮಗಾಗಿಯೇ ಕಟ್ಟಿಕೊಂಡ ಮೌಂಡ್ ಬಾಯೂ ಪಟ್ಟಣ ಇರುವುದು ಇಲ್ಲಿಯೇ. ವರ್ಷ ಕಳೆದಂತೆ ತಂಡದ ಕೈ ಪಳಗಿತು, ದಾಖಲೆಗಳು ಕ್ರಮಬದ್ಧವಾದವು, ಆರೋಗ್ಯ ಇಲಾಖೆಯೊಡನೆ ಹೊಂದಾಣಿಕೆ ಬೆಳೆಯಿತು. ಈ ವಿವರಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದದ್ದು ದಾಖಲೆಗಳು ತೋರಿಸಿದ ಸಂಗತಿಯ ಬಳಿ. ಸಿಡುಬಿಗೆ, ಗಂಟಲಮಾರಿಗೆ ಲಸಿಕೆಯಿದೆ. ಒಮ್ಮೆ ಹಾಕಿ ಹೋದರೆ ಆ ಮಗುವಿನ ಮಟ್ಟಿಗೆ ಕೆಲಸವಾಯಿತು. ಪೆಲಾಗ್ರಕ್ಕೆ ಹಾಗಿಲ್ಲ. ಚರ್ಮ ಸುಟ್ಟಂತಾಗಿ, ಭೇದಿ ಹಿಡಿದು, ಕೊನೆಗೆ ಬುದ್ಧಿಗೂ ಏಟು ಬೀಳುವ ಈ ರೋಗ ಸೋಂಕಿನಿಂದ ಬರುವುದಲ್ಲ, ಊಟದ ಕೊರತೆಯಿಂದ ಬರುವುದು ಎಂಬುದನ್ನು ಡಾ. ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ಇದೇ ಮಿಸಿಸಿಪ್ಪಿಯ ಜೈಲೊಂದರ ತೋಟದಲ್ಲಿ ಕೈದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಮುಸುಕಿನಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ಕೊಬ್ಬು, ಕಾಕಂಬಿ ಈ ಮೂರೇ ದಿನವೂ ತಟ್ಟೆಗೆ ಬಂದರೆ ಪೆಲಾಗ್ರ ಬರುತ್ತದೆ. ಎಸ್ಟೇಟಿನ ಅಂಗಡಿ ಸಾಲಕ್ಕೆ ಕೊಡುತ್ತಿದ್ದುದು ಹೆಚ್ಚುಕಡಿಮೆ ಈ ಮೂರನ್ನೇ. ಕೊರತೆಯಾದ ಅಂಶ ನಿಯಾಸಿನ್ ಎಂದು 1937ರಲ್ಲಿ, ಯೋಜನೆ ನಡೆಯುತ್ತಿರುವಾಗಲೇ, ಗೊತ್ತಾಯಿತು. ಆದರೆ ಹಾಲು, ಮಾಂಸ, ಬೇಳೆಕಾಳು, ಸೊಪ್ಪು ಕೊಟ್ಟರೆ ರೋಗ ಹೋಗುತ್ತದೆ ಎಂಬುದು ಅದಕ್ಕಿಂತ ಬಹಳ ಮೊದಲೇ ತಿಳಿದಿತ್ತು. ಹಸುವಿಲ್ಲ, ಹಿತ್ತಿಲಿಲ್ಲ, ಕೈಯಲ್ಲಿ ಕಾಸಿಲ್ಲ ಎಂಬಲ್ಲಿ ಸಮತೋಲನ ಆಹಾರದ ಪಾಠ ಯಾರಿಗೆ?

ಮೊದಲ ಒಂದೆರಡು ವರ್ಷ ತಂಡದವರ ಮಾತಿನಲ್ಲಿ ಹಳ್ಳಿಯವರ ಅಜ್ಞಾನ, ಅಶುಚಿ, ಮೂಢನಂಬಿಕೆಗಳ ಬಗ್ಗೆ ನಗರದ ಮಧ್ಯಮವರ್ಗದ ಅಸಹನೆ ಇಣುಕುತ್ತಿತ್ತು. ಬಡತನ ಕಂಡು ಮರುಗಿದವರೇ ಬಡವರ ನಡವಳಿಕೆ ತಿದ್ದಲು ಹೊರಟಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಗಮನಾರ್ಹವೆಂದರೆ, ಹೋಗುತ್ತಾ ಹೋಗುತ್ತಾ ಫೆರೆಬಿಯವರ ವರದಿಗಳ ಒತ್ತು ಬದಲಾದದ್ದು. ಕಾಯಿಲೆಯ ಮೂಲ ಜನರ ತಿಳಿವಳಿಕೆಯಲ್ಲಿಲ್ಲ, ಗೇಣಿಯ ವ್ಯವಸ್ಥೆಯಲ್ಲಿ, ಕೂಲಿಯಲ್ಲಿ, ಮನೆಯಲ್ಲಿ, ಊಟದಲ್ಲಿ ಇದೆ. ವರ್ಷಕ್ಕೊಮ್ಮೆ ಕೆಲವು ವಾರ ಬಂದು ಹೋಗುವ ಕ್ಲಿನಿಕ್ ಇದನ್ನು ಗುಣಪಡಿಸಲಾರದು ಎಂಬ ತಿಳಿವು ಅವುಗಳಲ್ಲಿ ಗಟ್ಟಿಯಾಗುತ್ತದೆ. ತಾನು ನಡೆಸುತ್ತಿರುವ ಯೋಜನೆಯ ಮಿತಿಯನ್ನು ಅದಕ್ಕೆ ಹಣ ಕೊಡುವವರ ಮುಂದೆಯೇ ಬರೆದಿಡುವುದು ಸುಲಭವಲ್ಲ.

ಇದೇ ವರ್ಷಗಳಲ್ಲಿ ಪಕ್ಕದ ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಇಟ್ಟು ನೋಡಿದರೆ ಈ ತಂಡದ ಕೆಲಸದ ಬೆಲೆ ತಿಳಿಯುತ್ತದೆ. 1932ರಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆ ಅಲ್ಲಿ ಸುಮಾರು 600 ಕಪ್ಪು ಪುರುಷರ ಮೇಲೆ ಸಿಫಿಲಿಸ್ ರೋಗದ ಅಧ್ಯಯನ ಆರಂಭಿಸಿ, ರೋಗವಿದ್ದವರಿಗೆ ಅದನ್ನು ತಿಳಿಸದೆ, ಚಿಕಿತ್ಸೆಯನ್ನೂ ಕೊಡದೆ 40 ವರ್ಷ ನೋಡುತ್ತಾ ಕುಳಿತಿತು. ಪಾಲಿಗೆ ಉಳುವ ಕಪ್ಪು ಕುಟುಂಬದ ಬಾಗಿಲಿಗೆ ವೈದ್ಯರು ಬರುವುದೆಂದರೆ ಒಳ್ಳೆಯದೇ ಆಗಬೇಕೆಂದೇನೂ ಇರಲಿಲ್ಲ.

ವಾಷಿಂಗ್ಟನ್ನಿನಲ್ಲಿ ಆಡಿದ ಮಾತು

1938ರಲ್ಲಿ ಇದೇ ಸೊರಾರಿಟಿ ವಾಷಿಂಗ್ಟನ್ನಿನಲ್ಲಿ ಪಕ್ಷಾತೀತ ಲಾಬಿಯೊಂದನ್ನು ಸ್ಥಾಪಿಸಿತು. ಅದರ ಹಿಂದಿದ್ದವರು ಸಂಘದ ಸ್ಥಾಪಕ ಸದಸ್ಯೆಯರಲ್ಲಿ ಒಬ್ಬರಾದ, ವಾಷಿಂಗ್ಟನ್ನಿನ ಶಾಲೆಗಳಲ್ಲಿ ಶಿಕ್ಷಕಿಯಾಗಿದ್ದ ನಾರ್ಮಾ ಬಾಯ್ಡ್. ಕಪ್ಪು ಜನರ ಹಿತಕ್ಕೆ ಸಂಬಂಧಿಸಿದ ಮಸೂದೆಗಳನ್ನು ಗಮನಿಸುವುದು, ಸಮಿತಿಗಳ ಮುಂದೆ ಸಾಕ್ಷ್ಯ ನುಡಿಯುವುದು, ಯಾವ ಸಂಸದ ಯಾವ ಕಡೆ ಮತ ಹಾಕಿದ ಎಂದು ದೇಶದುದ್ದಕ್ಕೂ ಇರುವ ಶಾಖೆಗಳಿಗೆ ತಿಳಿಸುವುದು ಅದರ ಕೆಲಸ. ಗುಂಪು ಕೊಲೆಯ ವಿರುದ್ಧ ಕಾನೂನು, ಮತದಾನಕ್ಕೆ ಹಾಕಿದ್ದ ತಲೆಗಂದಾಯದ ರದ್ದು, ಸೈನ್ಯದಲ್ಲಿನ ತಾರತಮ್ಯ ಮುಂತಾದ ವಿಷಯಗಳನ್ನು ಅದು ಕೈಗೆತ್ತಿಕೊಂಡಿತು. ಫೆರೆಬಿ 1939ರಿಂದ 1941ರವರೆಗೆ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದುದರಿಂದ ಕೆಲವು ಕಾಲ ಕ್ಲಿನಿಕ್ಕೂ ಲಾಬಿಯೂ ಒಂದೇ ಛತ್ರಿಯ ಕೆಳಗೆ ನಡೆದವು.

ಆರೋಗ್ಯ ಯೋಜನೆಯಿಂದಲೇ ಲಾಬಿ ಹುಟ್ಟಿತು ಎಂದು ಗೆರೆ ಎಳೆದಂತೆ ಹೇಳುವುದು ಸರಿಯಾಗದು. ಲಾಬಿಗೆ ತನ್ನದೇ ಆದ ಕಾರಣಗಳಿದ್ದವು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಒಂದು ಹೊಂದಾಣಿಕೆ ಕಾಣುತ್ತದೆ. ಎಸ್ಟೇಟಿನಲ್ಲಿ ಬಂದೂಕಿನ ಎದುರು ಆಡಲಾಗದ ಮಾತುಗಳೆಂದರೆ ಕೂಲಿ, ಮತ, ಜೀವಭಯ. ಲಾಬಿ ಎತ್ತಿಕೊಂಡ ವಿಷಯಗಳೂ ಇವೇ. ಮೌನವಾಗಿದ್ದವರನ್ನು ಹೇಡಿಗಳೆನ್ನುವವರು ಈ ಎರಡನೆಯ ಅರ್ಧವನ್ನು ನೋಡುವುದಿಲ್ಲ. ಹಾಗೆಯೇ, ಸೇವೆಯಲ್ಲಿ ರಾಜಕೀಯ ಬೇಡವೆನ್ನುವವರು ಮೊದಲ ಅರ್ಧವನ್ನಷ್ಟೇ ಉದಾಹರಿಸುತ್ತಾರೆ. ಒಂದೇ ಸಂಘ ಎರಡು ಸ್ಥಳಗಳಲ್ಲಿ ಎರಡು ದನಿಯಲ್ಲಿ ಮಾತನಾಡಲು ಸಾಧ್ಯವಾದದ್ದು ಅದಕ್ಕೆ ದೇಶವ್ಯಾಪಿ ಶಾಖೆಗಳು, ಸ್ವಂತ ಹಣ, ಯಾವ ದಾನಿಯ ಮರ್ಜಿಗೂ ಬೀಳದ ಸ್ವಾತಂತ್ರ್ಯ ಇದ್ದುದರಿಂದ. ಮಾಸಿಕ ಸಂಬಳದ ಶಿಕ್ಷಕಿಯರು ಕೊಟ್ಟ ಚಂದಾ ಹಣವದು.

ಇತರ ಸೊರಾರಿಟಿಗಳೂ ಆಗ ಸುಮ್ಮನಿರಲಿಲ್ಲ. 1913ರಲ್ಲಿ ಹೋವರ್ಡಿನಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾ 1937ರಲ್ಲಿ ದಕ್ಷಿಣದ ಹಳ್ಳಿಗಳಿಗಾಗಿ ಸಂಚಾರಿ ಪುಸ್ತಕ ಭಂಡಾರದ ಯೋಜನೆ ಕೈಗೊಂಡಿತು.

ನಂತರ

ಯೋಜನೆ ನಿಂತ ಮೇಲೆ ಅದರ ಜಾಗವನ್ನು ತುಂಬುವ ಸ್ಥಳೀಯ ವ್ಯವಸ್ಥೆಯೊಂದನ್ನು ಸೊರಾರಿಟಿ ಬಿಟ್ಟುಹೋಗಲಿಲ್ಲ. ಪ್ರಕರಣದ ದೊಡ್ಡ ಕೊರತೆ ಇದೇ ಎಂದು ನಾನು ಭಾವಿಸುತ್ತೇನೆ. ಸ್ಥಳೀಯ ಕಪ್ಪು ಯುವತಿಯರಿಗೆ ದಾದಿಯ ತರಬೇತಿ ಕೊಟ್ಟು ವರ್ಷವಿಡೀ ನಡೆಯುವ ಒಂದು ಸಣ್ಣ ಕೇಂದ್ರವನ್ನಾದರೂ ನಿಲ್ಲಿಸಿದ್ದರೆ, ಪೆಟ್ರೋಲ್ ಇಲ್ಲದ ಕಾರಣಕ್ಕೆ ಇಡೀ ಕೆಲಸ ನಿಲ್ಲಬೇಕಾಗಿರಲಿಲ್ಲ. ಎಸ್ಟೇಟಿನ ಮಾಲೀಕರು ಅದಕ್ಕೆ ಬಿಡುತ್ತಿದ್ದರೇ ಎಂಬ ಎದುರು ಪ್ರಶ್ನೆಗೂ ತೂಕವಿದೆ. ಆದರೆ ಮೌಂಡ್ ಬಾಯೂ ಕಪ್ಪು ಜನರದೇ ಪಟ್ಟಣ. 1942ರಲ್ಲಿ ಕಪ್ಪು ಜನರ ಪರಸ್ಪರ ಸಹಾಯ ಸಂಘವೊಂದು ಅಲ್ಲಿ ಟಬೋರಿಯನ್ ಆಸ್ಪತ್ರೆಯನ್ನು ಕಟ್ಟಿ ತೆರೆದೇ ತೆರೆಯಿತು. ಅದರ ಸದಸ್ಯರಲ್ಲಿ ಹೆಚ್ಚಿನವರು ಪಾಲಿಗೆ ಉಳುವವರು, ಮನೆಗೆಲಸದವರು. ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿ ಅವರು ಚಿಕಿತ್ಸೆಯ ಹಕ್ಕು ಪಡೆಯುತ್ತಿದ್ದರು. ಹೊರಗಿನಿಂದ ಬಂದ ಪದವೀಧರೆಯರಿಗೆ ಆಗದ್ದು ಚಂದಾ ಕಟ್ಟಿದ ಒಕ್ಕಲುಗಳಿಗೆ ಆಯಿತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಫೆರೆಬಿ 1949ರಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಗೆ, ಅದರ ಸ್ಥಾಪಕಿ ಮೇರಿ ಮೆಕ್ಲಿಯಡ್ ಬೆಥೂನ್ ಅವರ ನಂತರ, ಅಧ್ಯಕ್ಷೆಯಾದರು. ಅದೇ ವರ್ಷ ಹೋವರ್ಡ್ ವಿಶ್ವವಿದ್ಯಾಲಯದ ಆರೋಗ್ಯ ಸೇವೆಯ ನಿರ್ದೇಶಕಿಯೂ ಆಗಿ 1968ರವರೆಗೆ ಆ ಹುದ್ದೆಯಲ್ಲಿದ್ದರು.

ಅವರು ನಿವೃತ್ತರಾಗುವ ಹೊತ್ತಿಗೆ ಮೌಂಡ್ ಬಾಯೂನಲ್ಲಿ ಇನ್ನೊಂದು ಆರೋಗ್ಯ ಕೇಂದ್ರ ಕೆಲಸ ಮಾಡುತ್ತಿತ್ತು. ಕೇಂದ್ರ ಸರ್ಕಾರದ ಬಡತನ ನಿವಾರಣೆಯ ಹಣದಿಂದ ಅದನ್ನು ನಡೆಸುತ್ತಿದ್ದುದು ಫೆರೆಬಿ ಓದಿದ ಟಫ್ಟ್ಸ್ ವಿಶ್ವವಿದ್ಯಾಲಯವೇ. ಅಲ್ಲಿನ ಡಾ. ಜ್ಯಾಕ್ ಗೈಗರ್ ಮತ್ತು ಸಹೋದ್ಯೋಗಿಗಳು ಹೊಟ್ಟೆಗಿಲ್ಲದ ಮಕ್ಕಳಿಗೆ ಔಷಧಿಯ ಚೀಟಿಯಲ್ಲೇ ಹಾಲು, ಮಾಂಸ, ತರಕಾರಿ ಬರೆದುಕೊಟ್ಟು, ಅಂಗಡಿಯ ಬಿಲ್ಲನ್ನು ಔಷಧಾಲಯದ ಲೆಕ್ಕಕ್ಕೆ ಹಾಕಿದರು. ಊರಿನವರ ಸಹಕಾರಿ ತೋಟವೊಂದನ್ನೂ ಕಟ್ಟಲು ನೆರವಾದರು. ಕೃಷಿ ಕೂಲಿಗಾರರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿದ್ದ 1935ರ ಸಾಮಾಜಿಕ ಭದ್ರತಾ ಕಾಯ್ದೆ 1950ರ ಮತ್ತು 1954ರ ತಿದ್ದುಪಡಿಗಳಲ್ಲಿ ಅವರ ಕಡೆಗೆ ವಿಸ್ತರಿಸಿತು. 1938ರ ಕನಿಷ್ಠ ಕೂಲಿ ಕಾಯ್ದೆ ಹೊಲದಲ್ಲಿ ದುಡಿಯುವವರಲ್ಲಿ ಒಂದು ಭಾಗವನ್ನಾದರೂ ಒಳಗೊಳ್ಳಲು 1966ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಡೆಲ್ಟಾದ ಹೊಲಗಳಿಗೆ ಹತ್ತಿ ಬಿಡಿಸುವ ಯಂತ್ರ ಬಂದಾಗಿತ್ತು.